ಒಂದು ತೂಬಿನ ಅಂತರ

ನನ್ನ ಸೋದರತ್ತೆಯವರಿಗೆ ಈಗ ಎಪ್ಪತ್ತೆಂಟು ವರ್ಷ. ಟಿ. ನರಸೀಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಕಾಲುವೆಯ ಬದಿಯ ಮುಕ್ಕಾಲು ಎಕರೆ ಗದ್ದೆಯನ್ನೂ ಒಂದು ಎಮ್ಮೆಯನ್ನೂ ನೆಚ್ಚಿಕೊಂಡು ಒಬ್ಬರೇ ಇದ್ದಾರೆ. ನಂಜನಗೂಡಿಗೆ ಬಂದು ನಮ್ಮ ಜೊತೆ ಇರಿ ಎಂದು ಎಷ್ಟು ಸಲ ಕರೆದರೂ ಬಂದವರಲ್ಲ. ಜಾತ್ರೆಗೆ ಬರುತ್ತಾರೆ, ತೇರಿಗೆ ಕೈಮುಗಿಯುತ್ತಾರೆ, ಮರುದಿನವೇ ಎಮ್ಮೆಯ ನೆನಪಾಗಿ ಹೊರಟುಬಿಡುತ್ತಾರೆ. ಅವರ ಕೈಖರ್ಚಿಗೆ ಆಧಾರವಾಗಿದ್ದುದು ತಿಂಗಳು ತಿಂಗಳಿಗೆ ಬರುತ್ತಿದ್ದ ಒಂದಿಷ್ಟು ಮಾಸಾಶನ. ಅದು ಕಳೆದ ಯುಗಾದಿಯಿಂದೀಚೆಗೆ ಇದ್ದಕ್ಕಿದ್ದಂತೆ ನಿಂತುಹೋಯಿತು.

ವಿಚಾರಿಸೋಣವೆಂದು ಅತ್ತೆಯವರನ್ನು ಕರೆದುಕೊಂಡು ಕಚೇರಿಗೆ ಹೋದೆ. ಯಾವ ಕಚೇರಿ ಎಂಬುದು ಇಲ್ಲಿ ಮುಖ್ಯವಲ್ಲ. ಅಲ್ಲಿದ್ದ ಗುಮಾಸ್ತರು ಸಜ್ಜನರು. ಅತ್ತೆಯವರಿಗೆ ಕುರ್ಚಿ ಹಾಕಿಸಿ ಕೂರಿಸಿ, ಐದಾರು ಸಲ ಗುಂಡಿಗಳನ್ನು ಒತ್ತಿ ನೋಡಿ, ಕಡೆಗೆ ತಲೆಯಾಡಿಸಿದರು.

"ಹೆಸರು ತಾಳೆಯಾಗ್ತಾ ಇಲ್ಲ ಸಾರ್. ಕಂಪ್ಯೂಟರು ಒಪ್ಪೋದಿಲ್ಲ. ನಾವೇನು ಮಾಡೋಣ ಹೇಳಿ?"

ಅತ್ತೆ ಒಮ್ಮೆ ಆ ಪೆಟ್ಟಿಗೆಯನ್ನೂ ಒಮ್ಮೆ ನನ್ನನ್ನೂ ನೋಡಿದರು. "ನಾನ್ ಇಲ್ಲೇ ಕುಂತಿವ್ನಲ್ಲ ಮಗ, ಒಸಿ ನೋಡು ಅನ್ನು ಅದುಕ್ಕೆ" ಎಂದರು.

ಹಿಂದಿರುಗುವಾಗ ಬಸ್ಸಿನಲ್ಲಿ ಅವರು ಕೇಳಿದ ಪ್ರಶ್ನೆಯೇ ಈ ವಾರದ ಬರಹಕ್ಕೆ ಕಾರಣ. "ನೀನು ಅಷ್ಟೊಂದು ಓದಿದ್ದೀಯಲ್ಲಪ್ಪ. ಅದು ಯಾಕ್ ಒಪ್ಪಕಿಲ್ಲ? ಅದುಕ್ಕೆ ಒಪ್ಪಬ್ಯಾಡ ಅಂತ ಯಾರ್ ಹೇಳ್ಕೊಟ್ಟೋರು?" ಹಳಗನ್ನಡ ಕಾವ್ಯದಲ್ಲಿ ಎಂತಹ ಗಂಟಿದ್ದರೂ ಬಿಡಿಸುತ್ತೇನೆಂಬ ಜಂಬ ನನಗುಂಟು. ಈ ಪ್ರಶ್ನೆಗೆ ಮಾತ್ರ ನನ್ನಲ್ಲಿ ಉತ್ತರವಿರಲಿಲ್ಲ. ಗಣಕವಿಜ್ಞಾನವನ್ನು ಪಾಠ ಹೇಳುವ ನನ್ನ ತರುಣ ಮಿತ್ರರೊಬ್ಬರನ್ನು ಕಾಡಿ ಬೇಡಿ, ನಂಜನಗೂಡಿನ ಕಪಿಲೆಯ ಸೋಪಾನಕಟ್ಟೆಯ ಮೇಲೆ ನಾಲ್ಕು ಸಂಜೆ ಕುಳಿತು, ಅವರಿಂದ ಕಲಿತುಕೊಂಡುದನ್ನು ನನಗೆ ಅರ್ಥವಾದ ಭಾಷೆಯಲ್ಲಿ ಇಲ್ಲಿ ನಿವೇದಿಸುತ್ತೇನೆ. ತಪ್ಪಿದ್ದರೆ ಅದು ಶಿಷ್ಯನದು.

ನನ್ನ ಮೊದಲ ಸಂದೇಹ ಇದು: ಮನುಷ್ಯನು ಬರೆದ ಮಾತು ಜಡವಾದ ಯಂತ್ರಕ್ಕೆ ತಿಳಿಯುವುದಾದರೂ ಹೇಗೆ? ಮಿತ್ರರ ಉತ್ತರ ನನ್ನನ್ನು ಚಕಿತಗೊಳಿಸಿತು. "ತಿಳಿಯುವುದೇ ಇಲ್ಲ. ಅಲ್ಲಿ ತಿಳಿಯುವವರು ಯಾರೂ ಇಲ್ಲ. ನಿಮ್ಮ ನಾಲೆಯಲ್ಲಿ ನೀರು ಹರಿಯುವುದಿಲ್ಲವೆ, ಹಾಗೆ ಅದು ನಡೆಯುತ್ತದೆ, ಅಷ್ಟೆ" ಎಂದರು.

ನಾಲೆಯ ಮಾತು ಬಂದುದು ನನಗೆ ಅನುಕೂಲವೇ ಆಯಿತು. ಹುಲ್ಲಹಳ್ಳಿಯ ನಾಲೆಯನ್ನಾಗಲಿ ತಲಕಾಡಿನ ಬಳಿಯ ಮಾಧವಮಂತ್ರಿ ಕಾಲುವೆಯನ್ನಾಗಲಿ ಕಂಡವರಿಗೆ ತೂಬು ಎಂದರೇನೆಂದು ಹೇಳಬೇಕಾಗಿಲ್ಲ. ಹಲಗೆಯನ್ನು ಎತ್ತಿದರೆ ನೀರು ಹರಿಯುತ್ತದೆ, ಇಳಿಸಿದರೆ ನಿಲ್ಲುತ್ತದೆ. ಈಗ ಒಂದೇ ಕಾಲುವೆಗೆ ಒಂದರ ಹಿಂದೆ ಒಂದರಂತೆ ಎರಡು ತೂಬುಗಳಿವೆಯೆಂದು ಭಾವಿಸಿ. ಮೊದಲನೆಯದೂ ತೆರೆದಿರಬೇಕು, ಎರಡನೆಯದೂ ತೆರೆದಿರಬೇಕು. ಆಗಲೇ ಕೆಳಗಿನ ಗದ್ದೆಗೆ ನೀರು. ಹಾಗಲ್ಲದೆ ಒಂದೇ ಗದ್ದೆಗೆ ಎರಡು ಕಡೆಯಿಂದ ಎರಡು ಕಾಲುವೆಗಳಿದ್ದು, ಒಂದೊಂದಕ್ಕೂ ಒಂದೊಂದು ತೂಬಿದ್ದರೆ, ಇದಾದರೂ ಸರಿ ಅದಾದರೂ ಸರಿ, ಗದ್ದೆ ನೆನೆಯುತ್ತದೆ. ವ್ಯಾಕರಣದಲ್ಲಿ ನಾವು ಅವ್ಯಯಗಳೆಂದು ಹೇಳಿಕೊಡುವ "ಮತ್ತು", "ಅಥವಾ" ಎಂಬ ಎರಡು ಮಾತುಗಳು ಇಲ್ಲಿ ಮಣ್ಣು ನೀರುಗಳಲ್ಲಿ ಮೂರ್ತಿವೆತ್ತು ನಿಂತಿವೆ. ಇನ್ನು "ಅಲ್ಲ" ಎಂಬುದೊಂದು ಉಳಿಯಿತು. ಸದಾ ಹರಿಯುತ್ತಿರುವ ಕಾಲುವೆಯ ತೂಬಿನ ಹಲಗೆಯನ್ನು, ಪಕ್ಕದ ಇನ್ನೊಂದು ಕಾಲುವೆಯಲ್ಲಿ ನೀರು ಬಂದೊಡನೆ ಆ ನೀರೇ ನೂಕಿ ಮುಚ್ಚುವಂತೆ ಮಾಡಿದರೆ, ಅಲ್ಲಿ ನೀರಿದ್ದರೆ ಇಲ್ಲಿಲ್ಲ, ಅಲ್ಲಿಲ್ಲದಿದ್ದರೆ ಇಲ್ಲಿದೆ.

ಗುಟ್ಟಿರುವುದು ಈ ಕಡೆಯ ಮಾತಿನಲ್ಲಿ. ಹಳ್ಳಿಯ ನಾಲೆಯಲ್ಲಿ ತೂಬನ್ನು ತೆರೆಯಲು ನೀರುಗಂಟಿ ಬೇಕು. ಒಂದು ಕಾಲುವೆಯ ನೀರೇ ಮತ್ತೊಂದು ಕಾಲುವೆಯ ತೂಬನ್ನು ತೆರೆಯುವಂತೆ, ಮುಚ್ಚುವಂತೆ ಮಾಡಿಬಿಟ್ಟರೆ ನೀರುಗಂಟಿಯ ಕೆಲಸವೇ ಇಲ್ಲ. ಮೇಲುಗಡೆ ಒಂದು ಹಲಗೆಯನ್ನು ಎತ್ತಿದರೆ ಸಾಕು. ಅದರಿಂದ ಹತ್ತು, ಹತ್ತರಿಂದ ನೂರು ತೂಬುಗಳು ತಾವಾಗಿಯೇ ತೆರೆದು ಮುಚ್ಚಿ, ಕಟ್ಟಕಡೆಯ ಗದ್ದೆಗೆ ನೀರು ಬಂತೋ ಇಲ್ಲವೋ ಎಂಬುದು ನಿರ್ಧಾರವಾಗಿಹೋಗುತ್ತದೆ. ನೀರಿನ ಬದಲು ವಿದ್ಯುತ್ತು. ಹಲಗೆಯ ಬದಲು ಟ್ರಾನ್ಸಿಸ್ಟರು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1947ರಲ್ಲಿ ಹುಟ್ಟಿದ ಈ ಪುಟ್ಟ ತೂಬು ಇಂದು ಎಷ್ಟು ಕಿರಿದಾಗಿದೆಯೆಂದರೆ ಉಗುರಿನಗಲದ ಒಂದು ಬಿಲ್ಲೆಯ ಮೇಲೆ ನೂರಾರು ಕೋಟಿ ತೂಬುಗಳು ಹಿಡಿಯುತ್ತವೆ.

ತೂಬುಗಳ ಮಾತಾಯಿತು. ಆದರೆ ಅತ್ತೆಯವರ ಹೆಸರು ಕಾಲುವೆಯೊಳಕ್ಕೆ ಇಳಿದದ್ದು ಹೇಗೆ?

ಅಕ್ಷರಗಳನ್ನು ಅಂಕಿಗಳಾಗಿ ಬರೆಯುವುದು ನಮ್ಮ ನಾಡಿಗೆ ಹೊಸದಲ್ಲ. ಕುಮುದೇಂದು ಮುನಿಯ "ಸಿರಿಭೂವಲಯ"ದ ಹೆಸರನ್ನು ಕೆಲವರಾದರೂ ಕೇಳಿರಬಹುದು. ಅದರಲ್ಲಿ ಅಕ್ಷರವೆಂಬುದೇ ಇಲ್ಲ; ಉದ್ದಕ್ಕೆ ಇಪ್ಪತ್ತೇಳು, ಅಡ್ಡಕ್ಕೆ ಇಪ್ಪತ್ತೇಳು ಮನೆಗಳ ಚಕ್ರಗಳಲ್ಲಿ 1ರಿಂದ 64ರವರೆಗಿನ ಅಂಕಿಗಳನ್ನು ತುಂಬಿದ್ದಾರೆ. ಒಂದೊಂದು ಅಂಕಿಗೂ ಒಂದೊಂದು ಧ್ವನಿ. ಗ್ರಂಥದ ಕಾಲದ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆ ಜಗಳಕ್ಕೆ ನಾನು ಇಲ್ಲಿ ಇಳಿಯಲಾರೆ. ಈಗಿನ ಗಣಕಗಳೂ ಇದೇ ಹಾದಿಯನ್ನು ಹಿಡಿದಿವೆ. ಜಗತ್ತಿನ ಲಿಪಿಗಳಿಗೆಲ್ಲ ಒಂದೊಂದು ಅಂಕಿಯನ್ನು ಗೊತ್ತುಮಾಡಿರುವ ಯೂನಿಕೋಡ್ ಎಂಬ ಏರ್ಪಾಟಿದೆ. 1991ರಲ್ಲಿ ಪ್ರಕಟವಾದ ಅದರ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ನಮ್ಮ ಲಿಪಿಗೆಂದು ಮೀಸಲಾದ ಮನೆಗಳು 128. ಅದರ ಪ್ರಕಾರ "ಸ" ಎಂಬುದು 3256, ಗುಡಿಸು 3263, "ದ" ಎಂಬುದು 3238, ಒತ್ತಕ್ಷರವನ್ನು ಕೂಡಿಸುವ ಹಲಂತ ಚಿಹ್ನೆ 3277.

ಅತ್ತೆಯವರ ಹೆಸರಿನ ಮೊದಲ ಭಾಗ "ಸಿದ್ದ" ಎಂಬುದು. ಅಂಕಿಗಳಲ್ಲಿ ಬರೆದರೆ 3256, 3263, 3238, 3277, 3238. ಹಳೆಯ ಕಾಗದಪತ್ರಗಳಲ್ಲೆಲ್ಲ ಹೀಗೆಯೇ ಇದೆ. ಆದರೆ ಮಾಸಾಶನದ ಪಟ್ಟಿಯಲ್ಲಿದ್ದುದು "ಸಿದ್ಧ", ಮಹಾಪ್ರಾಣದ ಒತ್ತು. "ಧ" ಎಂಬುದರ ಅಂಕಿ 3239. ಹಾಗಾಗಿ ಆ ಹೆಸರು 3256, 3263, 3238, 3277, 3239. ಐದು ಅಂಕಿಗಳಲ್ಲಿ ನಾಲ್ಕು ಅವೇ. ಐದನೆಯದರಲ್ಲಿ ಒಂದರ ವ್ಯತ್ಯಾಸ.

ಯಂತ್ರಕ್ಕೆ ಹತ್ತು ಅಂಕಿಗಳ ಲೆಕ್ಕ ಒಗ್ಗದು. ತೂಬಿಗಿರುವುದು ತೆರೆದ ಸ್ಥಿತಿ, ಮುಚ್ಚಿದ ಸ್ಥಿತಿ ಎರಡೇ. ಆದುದರಿಂದ 1 ಮತ್ತು 0 ಎರಡರಲ್ಲೇ ಎಲ್ಲವನ್ನೂ ಬರೆಯಬೇಕು. ನಾನೂ ಹಟ ಹಿಡಿದು ಕಾಗದದ ಮೇಲೆ ಲೆಕ್ಕ ಮಾಡಿ ನೋಡಿದೆ. 3238 ಎಂಬುದು 110010100110. 3239 ಎಂಬುದು 110010100111. ಹನ್ನೆರಡು ಕಾಲುವೆಗಳನ್ನು ಸಾಲಾಗಿ ಕಲ್ಪಿಸಿಕೊಳ್ಳಿ. ಹನ್ನೊಂದರಲ್ಲಿ ಎರಡು ಹೆಸರುಗಳಿಗೂ ವ್ಯತ್ಯಾಸವಿಲ್ಲ. ಕಟ್ಟಕಡೆಯ ಕಾಲುವೆ ಒಂದರಲ್ಲಿ ಒಣಗಿದೆ, ಇನ್ನೊಂದರಲ್ಲಿ ಹರಿಯುತ್ತಿದೆ. ಒಬ್ಬ ಮುದುಕಿಯ ತಿಂಗಳ ಸಕ್ಕರೆ, ಕಾಫಿಪುಡಿ, ಮೊಣಕಾಲಿನ ಎಣ್ಣೆ ಇಷ್ಟೂ ನಿಂತದ್ದು ಆ ಒಂದು ತೂಬಿನಲ್ಲಿ.

ಎರಡು ಕಾಲುವೆಗಳು ಬೇರೆಬೇರೆಯಾಗಿವೆ ಎಂಬುದು ಯಂತ್ರಕ್ಕೆ ಗೊತ್ತಾಗುವ ಬಗೆಯೂ ಸ್ವಾರಸ್ಯವಾಗಿದೆ. "ಮೊದಲನೆಯದು ಹರಿಯುತ್ತಿದೆ ಮತ್ತು ಎರಡನೆಯದು ಹರಿಯುತ್ತಿಲ್ಲ; ಅಥವಾ ಎರಡನೆಯದು ಹರಿಯುತ್ತಿದೆ ಮತ್ತು ಮೊದಲನೆಯದು ಹರಿಯುತ್ತಿಲ್ಲ." ಹಿಂದೆ ಹೇಳಿದ ಮೂರು ಬಗೆಯ ತೂಬುಗಳಿಂದಲೇ ಈ ವಾಕ್ಯವನ್ನು ಕಟ್ಟಬಹುದು. ಎರಡೂ ಒಂದೇ ತೆರನಾಗಿದ್ದರೆ ಕೆಳಗಿನ ಗದ್ದೆ ಒಣಗಿರುತ್ತದೆ, ಭೇದವಿದ್ದರೆ ನೆನೆಯುತ್ತದೆ. ಹನ್ನೆರಡು ಜೊತೆಗೂ ಇಂಥದೊಂದು ಕಟ್ಟಿ, ಎಲ್ಲವನ್ನೂ ಒಂದು ದೊಡ್ಡ "ಅಥವಾ"ಗೆ ಸೇರಿಸಿದರೆ ಮುಗಿಯಿತು. ಹೋಲಿಕೆಗೆ ಬೇರೆ ದಾರಿಗಳೂ ಉಂಟು. ಒಂದರಿಂದ ಇನ್ನೊಂದನ್ನು ಕಳೆದು ಉಳಿದದ್ದು ಸೊನ್ನೆಯೇ ಎಂದು ನೋಡುವುದೂ ಒಂದು. ಯಾವ ದಾರಿಯಲ್ಲಿಯೂ ಕುರ್ಚಿಯ ಮೇಲೆ ಕುಳಿತ ಅತ್ತೆಯವರ ಮುಖವನ್ನು ನೋಡುವ ತೂಬು ಇಲ್ಲ.

ಇನ್ನು ಅಪ್ಪಣೆಯ ವಿಷಯ. "ಎರಡು ಪಟ್ಟಿಗಳಲ್ಲಿ ಹೆಸರು ಒಂದೇ ಆಗಿದ್ದರೆ ಹಣ ಕಳುಹಿಸು, ಇಲ್ಲವಾದರೆ ತಡೆ" ಎಂದು ಯಾರೋ ಒಬ್ಬರು ಎಲ್ಲಿಯೋ ಕುಳಿತು ಬರೆದಿದ್ದಾರೆ. ಅದು ಮನುಷ್ಯರ ಮಾತಿಗೆ ಹತ್ತಿರವಾದ ಒಂದು ಕೃತಕ ಭಾಷೆಯಲ್ಲಿ ಬರೆದದ್ದು. ಅದನ್ನು ತೂಬುಗಳ ಭಾಷೆಗೆ ಇಳಿಸುವುದಕ್ಕೆ ನಡುವೆ ಒಬ್ಬ ದುಭಾಷಿ ಬೇಕು. ಆ ದುಭಾಷಿಯ ಹೆಸರು ಕಂಪೈಲರು. ಮೊದಮೊದಲು ದುಭಾಷಿಯೇ ಇರಲಿಲ್ಲ. ಯಂತ್ರವನ್ನು ಬಲ್ಲವರೇ ಕುಳಿತು ಸೊನ್ನೆ ಒಂದುಗಳ ಸರಮಾಲೆಯನ್ನು ಪೋಣಿಸಬೇಕಾಗಿತ್ತು. ಗ್ರೇಸ್ ಹಾಪರ್ ಎಂಬ ಅಮೆರಿಕದ ವಿದುಷಿ 1952ರಲ್ಲಿ ಈ ದಿಕ್ಕಿನ ಮೊದಲ ಹೆಜ್ಜೆಯನ್ನಿಟ್ಟರು. 1957ರಲ್ಲಿ ಐಬಿಎಂ ಸಂಸ್ಥೆಯ ಜಾನ್ ಬ್ಯಾಕಸ್ ಮತ್ತು ಸಂಗಡಿಗರ ಫೋರ್ಟ್ರಾನ್ ಭಾಷೆ ಬಂದ ಮೇಲೆ ಇದು ಎಲ್ಲೆಡೆಯೂ ರೂಢಿಯಾಯಿತು.

ಕಂಪೈಲರಿನ ಕೆಲಸವನ್ನು ಮಿತ್ರರು ವಿವರಿಸುತ್ತಿದ್ದಂತೆ ನನಗೆ ನಗು ತಡೆಯಲಾಗಲಿಲ್ಲ. ನಾನು ಹತ್ತು ವರ್ಷಗಳಿಂದ ತರಗತಿಯಲ್ಲಿ ಮಾಡುತ್ತಿರುವುದೂ ಅದೇ! ಹಳಗನ್ನಡದ ಒಂದು ಕಂದಪದ್ಯವನ್ನು ಹಲಗೆಯ ಮೇಲೆ ಬರೆದೆವೆಂದರೆ ಮೊದಲು ಪದಚ್ಛೇದ. ಸಂಧಿ ಬಿಡಿಸಿ ಮಾತುಗಳನ್ನು ಬೇರೆಬೇರೆ ಮಾಡುವುದು. ಆಮೇಲೆ ಅನ್ವಯ, ಕರ್ತೃ ಯಾವುದು, ಕ್ರಿಯೆ ಯಾವುದು, ಯಾವ ವಿಶೇಷಣ ಯಾವ ನಾಮಕ್ಕೆ ಎಂದು ಜೋಡಿಸುವುದು. ಕಡೆಗೆ ಪ್ರತಿಪದಾರ್ಥ. ಕಂಪೈಲರೂ ಇದೇ ಕ್ರಮದಲ್ಲಿ ಹೋಗುತ್ತದೆ. ಒಂದು ಭೇದವೆಂದರೆ, ಕವಿ ಏನೋ ತಪ್ಪು ಮಾಡಿದ್ದಾನೆಂದು ತೋರಿದರೆ ಟೀಕಾಕಾರನು "ಇಲ್ಲಿ ಕವಿಯ ಅಭಿಪ್ರಾಯ ಹೀಗಿರಬೇಕು" ಎಂದು ಸಾವರಿಸಿಕೊಂಡು ಹೋಗುತ್ತಾನೆ. ಕಂಪೈಲರಿಗೆ ಆ ದಾಕ್ಷಿಣ್ಯವಿಲ್ಲ. ಒಂದು ಚಿಹ್ನೆ ತಪ್ಪಿದರೆ ಅಲ್ಲಿಯೇ ಮುಷ್ಕರ ಹೂಡುತ್ತದೆ. ಭಾಷೆಗಳ ವ್ಯಾಕರಣವನ್ನು ಸೂತ್ರರೂಪದಲ್ಲಿ ಬರೆಯುವ ಬ್ಯಾಕಸ್‌ರ ಪದ್ಧತಿಗೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು 1967ರಲ್ಲಿ ಇಂಗರ್ಮನ್ ಎಂಬುವರು ಸೂಚಿಸಿದ್ದರಂತೆ. ಇದನ್ನು ಕೇಳಿ ನಮ್ಮ ಸಂಸ್ಕೃತ ವಿಭಾಗದವರು ಒಂದು ವಾರ ಬೀಗಿದರು.

ಪದಚ್ಛೇದ ಅನ್ವಯಗಳೆಲ್ಲ ಮುಗಿದ ಮೇಲೆ ಆ ಒಂದು ವಾಕ್ಯವು ಸಣ್ಣ ಸಣ್ಣ ಆಜ್ಞೆಗಳ ಸಾಲಾಗಿ ಒಡೆಯುತ್ತದೆ: ಮೊದಲ ಹೆಸರಿನ ಒಂದು ಅಂಕಿಯನ್ನು ತಾ, ಎರಡನೆಯ ಹೆಸರಿನ ಒಂದು ಅಂಕಿಯನ್ನು ತಾ, ಹೋಲಿಸು, ಬೇರೆಯಾದರೆ ಇಂಥ ಆಜ್ಞೆಗೆ ಹಾರು, ಬೇರೆಯಲ್ಲದಿದ್ದರೆ ಮುಂದಿನ ಅಂಕಿಗೆ ನಡೆ. ತರುವುದು, ಇಡುವುದು, ಕೂಡುವುದು, ಹೋಲಿಸುವುದು, ಹಾರುವುದು, ಹೀಗೆ ಯಂತ್ರಕ್ಕೆ ಹುಟ್ಟಿನಿಂದ ಬರುವ ಕೆಲಸಗಳು ಕೆಲವೇ. ಒಂದೊಂದು ಕೆಲಸಕ್ಕೂ ಒಂದೊಂದು ಅಂಕಿ. ಇಲ್ಲಿ ನನಗೆ ಎಲ್ಲಕ್ಕಿಂತ ಸೋಜಿಗವೆನಿಸಿದ ಸಂಗತಿಯಿದೆ: ಹೆಸರೂ ಅಂಕಿ, ಆ ಹೆಸರನ್ನು ಏನು ಮಾಡಬೇಕೆಂಬ ಅಪ್ಪಣೆಯೂ ಅಂಕಿ, ಎರಡೂ ಒಂದೇ ಉಗ್ರಾಣದಲ್ಲಿ ಅಕ್ಕಪಕ್ಕದಲ್ಲಿ ಕುಳಿತಿರುತ್ತವೆ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 1948ರ ಜೂನ್ 21ರಂದು ಹೀಗೆ ಕೆಲಸ ಮಾಡುವ ವಿದ್ಯುನ್ಮಾನ ಯಂತ್ರ ಮೊದಲ ಬಾರಿಗೆ ನಡೆಯಿತು. ಉಗ್ರಾಣದಿಂದ ಆಜ್ಞೆಯ ಅಂಕಿ ಹೊರಬಂದೊಡನೆ, ಅದರಲ್ಲಿನ ಒಂದುಗಳು ಯಾವ ತೂಬುಗಳನ್ನು ಮುಟ್ಟುತ್ತವೆಯೋ ಅವು ತೆರೆಯುತ್ತವೆ, ಅಂಕಿಗಳು ಆ ದಾರಿಯಾಗಿ ಹರಿಯುತ್ತವೆ, ಮುಂದಿನ ಆಜ್ಞೆ. ಸೆಕೆಂಡಿಗೆ ಕೋಟಿಗಟ್ಟಲೆ ಸಲ. ಮಾತು ಕ್ರಿಯೆಯಾಗುವುದು ಈ ಸ್ಥಳದಲ್ಲಿ. ಮೇಲಿನಿಂದ ನೋಡಿದರೆ ವಾಕ್ಯ. ಕೆಳಗಿನಿಂದ ನೋಡಿದರೆ ತೂಬುಗಳ ಸಾಲು.

ಬರೆದಿಟ್ಟ ಅಪ್ಪಣೆಯಂತೆ ಯಂತ್ರ ನಡೆಯುವುದೆಂಬ ಯೋಚನೆ ವಿದ್ಯುತ್ತಿಗಿಂತ ಹಳೆಯದು, ಮತ್ತು ಅದು ರೇಷ್ಮೆಯೊಡನೆ ಹೆಣೆದುಕೊಂಡದ್ದು. ಟಿ. ನರಸೀಪುರದ ಫಿಲೇಚರಿನ ಮುಂದೆ ನಾನು ಎಷ್ಟೋ ಸಲ ಬಸ್ಸಿನಲ್ಲಿ ಹೋಗಿದ್ದೇನೆ. ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಆ ಕಾರ್ಖಾನೆಯಲ್ಲಿ ಗೂಡಿನಿಂದ ಬಿಚ್ಚಿದ ನೂಲು, 1912ರಲ್ಲಿ ಆರಂಭವಾದ ಮೈಸೂರಿನ ನೇಯ್ಗೆ ಕಾರ್ಖಾನೆಗೆ ಹೋಗಿ, ನಮ್ಮ ಮನೆಯ ಹೆಂಗಸರು ಹಬ್ಬಕ್ಕೆ ಆಸೆಪಡುವ ಸೀರೆಯಾಗುತ್ತದೆ. ರೇಷ್ಮೆಯಲ್ಲಿ ಹೂಬಳ್ಳಿಯನ್ನು ನೇಯುವುದು ಹಿಂದೆ ಬಹು ತೊಡಕಿನ ಕೆಲಸವಾಗಿತ್ತು. ಫ್ರಾನ್ಸಿನ ಜಕಾರ್ಡ್ ಎಂಬಾತನು 1804ರಲ್ಲಿ ರಟ್ಟಿನ ಹಾಳೆಗಳಲ್ಲಿ ತೂತು ಕೊರೆದು ಮಗ್ಗಕ್ಕೆ ಅಪ್ಪಣೆ ಕೊಡುವ ಉಪಾಯವನ್ನು ಮಾಡಿದನು. ತೂತಿದ್ದೆಡೆಯಲ್ಲಿ ಸೂಜಿ ಒಳಹೊಕ್ಕು ಹಾಸಿನ ಎಳೆ ಮೇಲೇಳುತ್ತದೆ. ತೂತಿಲ್ಲದೆಡೆ ಎಳೆ ಇದ್ದಲ್ಲೇ ಇರುತ್ತದೆ. ಜಕಾರ್ಡನ ಮುಖವನ್ನೇ ಸುಮಾರು ಇಪ್ಪತ್ತನಾಲ್ಕು ಸಾವಿರ ರಟ್ಟುಗಳಿಂದ ರೇಷ್ಮೆಯಲ್ಲಿ ನೇಯ್ದಿದ್ದರು. ಅದರದೊಂದು ಪ್ರತಿ ಇಂಗ್ಲೆಂಡಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜನ ಮನೆಯಲ್ಲಿತ್ತು. ಅಂತಹ ರಟ್ಟುಗಳಿಂದಲೇ ಲೆಕ್ಕ ಮಾಡುವ ಯಂತ್ರವನ್ನು ಆತ ಕಲ್ಪಿಸಿದ, ಕಟ್ಟಿ ಮುಗಿಸಲಾಗಲಿಲ್ಲ. ಆ ಯಂತ್ರ ಹೇಗೆ ಅಪ್ಪಣೆಗಳನ್ನು ನಡೆಸಬಲ್ಲದೆಂದು ಏಡಾ ಲವ್‌ಲೇಸ್ ಎಂಬಾಕೆ 1843ರಲ್ಲಿ ಬರೆದ ಟಿಪ್ಪಣಿಗಳು ಇಂದಿಗೂ ಪ್ರಸಿದ್ಧವಾಗಿವೆ. ಯಂತ್ರವು ಸ್ವಂತವಾಗಿ ಏನನ್ನೂ ಹುಟ್ಟಿಸುವುದಿಲ್ಲ, ನಾವು ಹೇಳಿದ್ದನ್ನಷ್ಟೇ ಮಾಡುತ್ತದೆ ಎಂಬ ಅರ್ಥದ ಮಾತನ್ನು ಆಕೆ ಅಂದೇ ಬರೆದಿಟ್ಟಿದ್ದಳು.

ಅತ್ತೆಯವರ ಎರಡನೆಯ ಪ್ರಶ್ನೆಗೆ ಹೀಗೆ ಅರ್ಧ ಉತ್ತರ ಸಿಕ್ಕಿತು. ಒಪ್ಪಬೇಡವೆಂದು ಹೇಳಿಕೊಟ್ಟವರು ಅಪ್ಪಣೆಯನ್ನು ಬರೆದವರು. "ಒಂದೇ" ಎಂಬ ಮಾತಿಗೆ ಅವರು ಅಂಕಿಗೆ ಅಂಕಿ ಸರಿಹೊಂದಬೇಕೆಂಬ ಅರ್ಥವನ್ನು ಇಟ್ಟರು. ನಮ್ಮ ಮೈಸೂರು ಸೀಮೆಯ ಆಡುಮಾತಿನಲ್ಲಿ ಮಹಾಪ್ರಾಣವು ನಾಲಿಗೆಯ ಮೇಲೆ ನಿಲ್ಲುವುದೇ ಅಪರೂಪ. ಸಿದ್ದ ಎಂದರೂ ಸಿದ್ಧ ಎಂದರೂ ಓಗೊಡುವವರು ಒಬ್ಬರೇ. ಇದನ್ನು ಬಲ್ಲವರು ಅಪ್ಪಣೆಯನ್ನು ಬರೆದಿದ್ದರೆ "ದ, ಧ ಎರಡನ್ನೂ ಒಂದೆಂದು ಎಣಿಸಿ ನೋಡು, ಆಗಲೂ ಸಂಶಯವಿದ್ದರೆ ಗುಮಾಸ್ತರನ್ನು ಕೇಳು" ಎಂದು ಇನ್ನೆರಡು ಸಾಲು ಸೇರಿಸಬಹುದಾಗಿತ್ತು. ಅದು ಕಷ್ಟವೇನಲ್ಲವೆಂದು ಮಿತ್ರರು ಹೇಳುತ್ತಾರೆ. ಮೊದಲು ಗುಮಾಸ್ತರೇ ಕಣ್ಣಿನಿಂದ ತಾಳೆ ನೋಡುತ್ತಿದ್ದಾಗ ವರ್ಷಗಟ್ಟಲೆ ಹಣ ಬಂದುದು ಇದಕ್ಕೇ. ಕೆಲಸವನ್ನು ಯಂತ್ರಕ್ಕೆ ವಹಿಸಿದಂದು ನಿಂತಿತು.

ಉಳಿದರ್ಧವನ್ನು ಬರೆಯಲು ಕೈ ಹಿಂಜರಿಯುತ್ತದೆ. ಹಳೆಯ ಕಾಗದಗಳಲ್ಲೆಲ್ಲ ಅಲ್ಪಪ್ರಾಣವಿರುವಾಗ ಮಾಸಾಶನದ ಪಟ್ಟಿಗೆ ಮಾತ್ರ ಮಹಾಪ್ರಾಣ ಬಂದುದೆಲ್ಲಿಂದ? ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿದವರ ತಪ್ಪೆಂದು ನಾನು ನಿಶ್ಚಯಿಸಿಕೊಂಡಿದ್ದೆ. ಕನ್ನಡದ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದ ಕೆ. ಪಿ. ರಾವ್ ಅವರ ಪದ್ಧತಿಯಲ್ಲಿ "ದ"ಕಾರಕ್ಕೂ "ಧ"ಕಾರಕ್ಕೂ ಗುಂಡಿ ಒಂದೇ; ಶಿಫ್ಟ್ ಗುಂಡಿಯನ್ನು ಜೊತೆಗೆ ಒತ್ತಿದರೆ ಮಹಾಪ್ರಾಣ. ಕಿರುಬೆರಳು ತಪ್ಪಿ ತಗುಲಿರಬೇಕೆಂದು ಊಹೆ. ಗುಮಾಸ್ತರು ಹಳೆಯ ಕಡತವನ್ನು ತೆಗೆಸಿ ಮೂಲ ಅರ್ಜಿಯನ್ನು ಮುಂದಿಟ್ಟರು. ಬೆರಳಚ್ಚಿನವರು ಅದರಲ್ಲಿದ್ದುದನ್ನೇ ತಪ್ಪಿಲ್ಲದೆ ಇಳಿಸಿದ್ದರು. ಅರ್ಜಿಯ ಕೈಬರಹ ನನ್ನದು. ಎಂಟು ವರ್ಷಗಳ ಹಿಂದೆ, ಎಂ.ಎ. ಮುಗಿಸಿ ಬಂದ ಹೊಸದರಲ್ಲಿ ಅತ್ತೆಯವರಿಗಾಗಿ ನಾನೇ ತುಂಬಿಕೊಟ್ಟದ್ದು. ಅವರು "ಸಿದ್ದ" ಎಂದೇ ಹೇಳಿರಬೇಕು. ನಾನು ವಿದ್ಯಾವಂತನಲ್ಲವೆ, ಶುದ್ಧಗೊಳಿಸಿ ಬರೆದಿದ್ದೆ.

ಬಸ್ಸಿನಲ್ಲಿ ಅತ್ತೆಯವರಿಗೆ ಇದನ್ನೆಲ್ಲ ಹೇಳಿದೆ. ತೂಬಿನ ಮಾತನ್ನೂ ಹೇಳಿದೆ, ನನ್ನ ಪಾಂಡಿತ್ಯದ ಮಾತನ್ನೂ ಹೇಳಿದೆ. ತೂಬಿನ ವಿಷಯ ಅವರಿಗೆ ಕೂಡಲೆ ಹಿಡಿಸಿತು. "ಅಂಗಾರೆ ಅದು ಪಾಪದ್ದು ಕಣಪ್ಪ. ನೀನ್ ಬರ್ದಿದ್ದ ಅದು ಓದ್ತು" ಎಂದರು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

ಮೊನ್ನೆ ಮಂಗಳವಾರ ತಿದ್ದುಪಡಿಯ ಅರ್ಜಿಯನ್ನು ಕೊಡಲು ಹೋದೆವು. ನಾನು ಜೇಬಿನಿಂದ ಪೆನ್ನು ತೆಗೆದು ಅರ್ಜಿಯನ್ನು ಹತ್ತಿರಕ್ಕೆ ಎಳೆದುಕೊಂಡೆ. ಅತ್ತೆ ನನ್ನ ಕೈಯಿಂದ ಪೆನ್ನನ್ನು ತೆಗೆದುಕೊಂಡರು.

"ನೀನ್ ಮುಟ್ಬ್ಯಾಡ. ನಾನೇ ಬರಿತೀನಿ."

ಕನ್ನಡಕವನ್ನು ಸರಿಮಾಡಿಕೊಂಡು, ಒಂದೊಂದೇ ಅಕ್ಷರವನ್ನು ಒತ್ತಿ ಒತ್ತಿ ಬರೆದರು. ಗುಮಾಸ್ತರು ಅದನ್ನು ಓದಿ, ಅಕ್ಷರ ಚೆನ್ನಾಗಿದೆ ಅಜ್ಜಿ ಎಂದು ಹೇಳಿ ಮೊಹರು ಒತ್ತಿದರು.